ಕಾಣದ ಗ್ರಹ ಹಿಡಿದ ಮೇಷ್ಟ್ರು

ಪ್ರೀತಿಯ ಗೆಳೆಯಾ,

"ಕಣ್ಣಿಗೇ ಕಾಣದ ಗ್ರಹ ಇದೆ ಅಂತ ಹೇಗೆ ಹೇಳ್ತಾರೆ ಮಾಮ?" ಅಂತ ನಿನ್ನ ಮಗ ಕೇಳಿದ್ದ. ಫೋನಿನಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅವನಿಗೆ ಜಿನೀವಾದ ಖಗೋಳ ವಿಜ್ಞಾನಿ ಮಿಷೆಲ್ ಮೇಯರ್ ಮೇಷ್ಟ್ರ ಕಥೆ ಹೇಳು.

2019ರಲ್ಲಿ ಅವರಿಗೆ ನೊಬೆಲ್ ಬಂದಾಗ ಎಲ್ಲರೂ ಅವರು ದೂರದ ನಕ್ಷತ್ರವೊಂದರ ಸುತ್ತ ಪತ್ತೆಮಾಡಿದ ಗ್ರಹದ ಬಗ್ಗೆಯೇ ಬರೆದರು. ನನಗೆ ಹಿಡಿಸುವುದು ಅದಕ್ಕೂ ಹಿಂದಿನ ವರ್ಷಗಳು. 1970ರ ದಶಕದಿಂದಲೂ ಅವರ ಮುಖ್ಯ ಕೆಲಸ ನಕ್ಷತ್ರಗಳ ವೇಗ ಅಳೆಯುವುದು. ನಕ್ಷತ್ರ ನಮ್ಮ ಕಡೆ ಬಂದರೆ ಬೆಳಕು ಚೂರೇ ಚೂರು ನೀಲಿಯತ್ತ ಸರಿಯುತ್ತದೆ, ದೂರ ಹೋದರೆ ಕೆಂಪಿನತ್ತ. ಒಂದನ್ನೊಂದು ಸುತ್ತುವ ಜೋಡಿ ನಕ್ಷತ್ರಗಳನ್ನು ಹೀಗೇ ವರ್ಷಗಟ್ಟಲೆ ಅಳೆದರು. ಅಳೆಯುವ ಉಪಕರಣವನ್ನೂ ಸುಧಾರಿಸುತ್ತಾ ಬಂದರು.

ಗ್ರಹದ್ದೂ ಇದೇ ಲೆಕ್ಕ. ಮಗುವಿನ ಕೈ ಹಿಡಿದು ಗಿರಗಿರ ತಿರುಗಿಸಿದರೆ ನಾವೂ ಸ್ವಲ್ಪ ವಾಲಾಡುತ್ತೇವೆ ಅಲ್ವಾ, ಹಾಗೆ ಗ್ರಹ ಸುತ್ತುವಾಗ ಅದರ ನಕ್ಷತ್ರವೂ ವಾಲಾಡುತ್ತದೆ. ಆದರೆ ಗುರುಗ್ರಹದಂಥ ದೈತ್ಯ ಕೂಡ ಸೂರ್ಯನನ್ನು ಅಲುಗಿಸುವುದು ಸೆಕೆಂಡಿಗೆ ಸುಮಾರು 12 ಮೀಟರ್ ಅಷ್ಟೇ. ಅದೂ ಒಂದು ಸುತ್ತಿಗೆ 12 ವರ್ಷ! ಕೆನಡಾದ ತಂಡವೊಂದು ಅಷ್ಟೇ ವರ್ಷ ಹುಡುಕಿ ಬರಿಗೈಯಲ್ಲಿ ನಿಂತಿತ್ತು, ಪಾಪ.

1994ರಲ್ಲಿ ಫ್ರಾನ್ಸಿನ ಓತ್-ಪ್ರೊವಾನ್ಸ್ ವೀಕ್ಷಣಾಲಯದಲ್ಲಿ 'ಎಲೋಡಿ' ಎಂಬ ಹೊಸ ಸ್ಪೆಕ್ಟ್ರೋಗ್ರಾಫ್ (ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಅಳೆಯುವ ಉಪಕರಣ) ಕೆಲಸ ಶುರುಮಾಡಿತ್ತು. ಮೇಷ್ಟ್ರು ಹವಾಯಿಯಲ್ಲಿದ್ದರು. ಫ್ರಾನ್ಸಿನಲ್ಲಿ ಅಳೆಯುತ್ತಿದ್ದವನು ಅವರ ಪಿಎಚ್‌ಡಿ ವಿದ್ಯಾರ್ಥಿ ದಿದಿಯೆ ಕೆಲೋ. 51 ಪೆಗಾಸಿ ಎಂಬ ನಕ್ಷತ್ರದ ವೇಗ ನಾಲ್ಕೇ ದಿನಕ್ಕೊಮ್ಮೆ ಏರಿಳಿಯುತ್ತಿತ್ತು. ಉಪಕರಣವೇ ಕೆಟ್ಟಿದೆ ಅಂದುಕೊಂಡು ಹುಡುಗ ಕಂಗಾಲು. ಕೊನೆಗೆ ಮೇಷ್ಟ್ರಿಗೆ ಫ್ಯಾಕ್ಸ್ ಕಳಿಸಿದ.

ಮೇಷ್ಟ್ರು ಆತುರ ಪಡಲಿಲ್ಲ. ಅಷ್ಟರಲ್ಲಿ ನಕ್ಷತ್ರ ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. 1995ರ ಜುಲೈಯಲ್ಲಿ ಅದು ಮತ್ತೆ ಸಿಗುವವರೆಗೆ ಕಾದರು. ಯಾವ ರಾತ್ರಿ ಎಷ್ಟು ವೇಗ ಇರಬೇಕು ಅಂತ ಮೊದಲೇ ಲೆಕ್ಕ ಹಾಕಿಟ್ಟಿದ್ದರು. ಅಳೆದರೆ ಹಾಗೇ ಬಂತು. ಅಕ್ಟೋಬರ್ 6ರಂದು ಫ್ಲಾರೆನ್ಸಿನಲ್ಲಿ ಜಗತ್ತಿಗೆ ಹೇಳಿದರು: ಗುರುಗ್ರಹದ ಸುಮಾರು ಅರ್ಧದಷ್ಟಾದರೂ ತೂಗುವ ಗ್ರಹ, ಅದರ ಒಂದು ವರ್ಷ ಅಂದರೆ ನಮ್ಮ 4.2 ದಿನ. ಅಷ್ಟು ಹತ್ತಿರ ಸುತ್ತುವ ದೊಡ್ಡ ಗ್ರಹ ಇರಬಹುದು ಅಂತ 1952ರಲ್ಲೇ ಓಟೊ ಸ್ಟ್ರೂವ ಎಂಬ ಖಗೋಳ ವಿಜ್ಞಾನಿ ಬರೆದಿದ್ದರು. ಅದನ್ನು ಯಾರೂ ಹೆಚ್ಚು ತಲೆಗೆ ಹಾಕಿಕೊಂಡಿರಲಿಲ್ಲ.

ಒಂದು ವಾರದೊಳಗೆ ಕ್ಯಾಲಿಫೋರ್ನಿಯಾದವರೂ ಅಳೆದು ಹೌದು ಅಂದರು. ಈಗ ಬೇರೆ ನಕ್ಷತ್ರಗಳನ್ನು ಸುತ್ತುವ ಗ್ರಹಗಳು ಸಾವಿರಾರು ಸಿಕ್ಕಿವೆ.

ಮಗನಿಗೆ ಆ 51 ಪೆಗಾಸಿ ನಕ್ಷತ್ರ ತೋರಿಸಬೇಕಿದ್ದರೆ ನವೆಂಬರಿನ ಸಂಜೆ ಒಳ್ಳೆಯದು. ನಮ್ಮ ಪೂರ್ವಾಭಾದ್ರೆಯ ಎರಡು ನಕ್ಷತ್ರ ಹುಡುಕು. ಅವುಗಳ ನಡುವೆ ಗೆರೆ ಎಳೆದು ಅರ್ಧದಲ್ಲಿ ಸ್ವಲ್ಪ ಪಶ್ಚಿಮಕ್ಕೆ ನೋಡು. ನಿಮ್ಮೂರಿನ ದೀಪಗಳ ನಡುವೆ ಬರಿಗಣ್ಣಿಗೆ ಸಿಗುವುದು ಕಷ್ಟ, ನನ್ನ ಬೈನಾಕ್ಯುಲರ್ ಕಳಿಸುತ್ತೇನೆ.

ನಿನ್ನ ಗೆಳೆಯ