ಕಲ್ಲು ಯಾವಾಗ ತಿಂದೆ ಅಪ್ಪಾ?

ಲೋ ಕ್ಯಾಪ್ಟನ್,

ಇದನ್ನು ಎಲ್ಲರ ಮುಂದೆ ಬರೆಯುವುದಕ್ಕೆ ಕಾರಣ ಇದೆ. ನಿನಗೊಬ್ಬನಿಗೇ ಕಳಿಸಿದರೆ ಓದಿ, ಒಂದು ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತೀಯ. ನಾಲ್ಕು ಜನ ನೋಡುತ್ತಿದ್ದರೆ ಮರ್ಯಾದೆಗಾದರೂ ಎರಡು ಸಾಲು ಬರೆಯುತ್ತೀಯ ಅಂತ ಆಸೆ.

ವಿಷಯ ಏನಂದ್ರೆ, ಬರುವ ಗುರುವಾರ ನನ್ನ ಗಾಲ್‌ಬ್ಲಾಡರ್, ಅಂದರೆ ಪಿತ್ತರಸ ತುಂಬಿಕೊಳ್ಳುವ ಚೀಲ, ತೆಗೆಯುತ್ತಾರೆ. ಕಲ್ಲಾಗಿದೆ. ಕಲ್ಲು ತಿಂದು ಕರಗಿಸೋ ವಯಸ್ಸು ನಮ್ದು ಅಂತ ಹಾರಾಡುತ್ತಿದ್ದೆವಲ್ಲ, ಕರಗಿಲ್ಲ ನೋಡು. ಲ್ಯಾಪರೋಸ್ಕೋಪಿಯಂತೆ. ಹೊಟ್ಟೆಗೆ ಕಾರ್ಬನ್ ಡೈ ಆಕ್ಸೈಡ್ ತುಂಬಿ ಉಬ್ಬಿಸಿ, ಮೂರ್ನಾಲ್ಕು ಸಣ್ಣ ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ ಬಿಟ್ಟು ಕೆಲಸ ಮುಗಿಸುತ್ತಾರೆ. ಈ ಹೊಟ್ಟೆಯನ್ನು ಇನ್ನೂ ಉಬ್ಬಿಸಬೇಕಾ ಅಂತ ನೀನು ಕೇಳಬೇಡ. ಅದನ್ನು ಆಗಲೇ ಆರು ಜನ ಕೇಳಿದ್ದಾರೆ.

ಡಾಕ್ಟರ್ ಹೇಳಿದಾಗ ಹೆದರಿಕೆ ಆಗಲಿಲ್ಲ. ಪುಟ್ಟಿಗೆ ಹೇಳಬೇಕಲ್ಲ ಅಂದುಕೊಂಡಾಗ ಆಯಿತು. ಐದು ವರ್ಷದ ಹುಡುಗಿಗೆ ಏನಂತ ಹೇಳೋದು?

ಮೊದಲ ತಪ್ಪು, ಹನ್ನೆರಡು ದಿನ ಮುಂಚೆಯೇ ಹೇಳಿದೆ. ಆ ವಯಸ್ಸಿಗೆ ಹನ್ನೆರಡು ದಿನವೂ ಒಂದೇ, ಹನ್ನೆರಡು ವರ್ಷವೂ ಒಂದೇ. ದಿನಾ ಬೆಳಗ್ಗೆ ಎದ್ದ ತಕ್ಷಣ "ಇವತ್ತಾ?" ಅನ್ನುತ್ತಾಳೆ.

"ಹೊಟ್ಟೇಲಿ ಕಲ್ಲಿದೆ ಪುಟ್ಟಿ" ಅಂದೆ. "ಕಲ್ಲು ಯಾವಾಗ ತಿಂದೆ?" ಅಂದಳು. ಉತ್ತರ ಇಲ್ಲ ನನ್ನ ಹತ್ತಿರ. ಆಮೇಲೆ, ಕಲ್ಲು ಮಾತ್ರ ತೆಗೆದು ಚೀಲ ಅಲ್ಲೇ ಬಿಡಬಹುದಲ್ಲ ಅಂತ ಕೇಳಿದಳು. ಈ ಪ್ರಶ್ನೆ ಚೆನ್ನಾಗಿದೆ ಕಣೋ. ಹಿಂದೆಲ್ಲ ಡಾಕ್ಟರುಗಳು ಹಾಗೇ ಮಾಡುತ್ತಿದ್ದರು. ಕಲ್ಲು ಮತ್ತೆ ಆಗುತ್ತಿತ್ತು. 1882ರಲ್ಲಿ ಬರ್ಲಿನ್‌ನ ಲಾಂಗೆನ್‌ಬುಖ್ ಎಂಬ ಸರ್ಜನ್ ಮೊದಲ ಸಲ ಚೀಲವನ್ನೇ ತೆಗೆದ. ಚೀಲದೊಳಗೆ ಕಲ್ಲಿದೆ ಅಂತಲ್ಲ, ಚೀಲವೇ ಕಲ್ಲು ಮಾಡುತ್ತದೆ ಅನ್ನುವುದು ಅವನ ವಾದ. ರಾತ್ರಿ ನಿದ್ದೆ ಬಾರದೆ ಇದನ್ನೆಲ್ಲ ಓದುತ್ತಿದ್ದೇನೆ, ನಗಬೇಡ.

ಎರಡನೇ ತಪ್ಪು ದೊಡ್ಡದು. "ನನ್ನನ್ನ ನಿದ್ದೆ ಮಾಡಿಸಿ, ಹೊಟ್ಟೆ ತೆರೆದು ತೆಗೀತಾರೆ" ಅಂದುಬಿಟ್ಟೆ. ಅವತ್ತು ರಾತ್ರಿ ಹನ್ನೊಂದಾದರೂ ಅವಳು ಕಣ್ಣು ಮುಚ್ಚಲಿಲ್ಲ. ಎರಡೂ ಕೈಯಲ್ಲಿ ಹೊಟ್ಟೆ ಮುಚ್ಚಿಕೊಂಡು ಮಲಗಿದ್ದಳು. ನಿದ್ದೆ ಮಾಡಿದವರ ಹೊಟ್ಟೆ ತೆರೆಯುತ್ತಾರೆ ಅಂತ ಅಪ್ಪನೇ ಹೇಳಿದ್ದಾನಲ್ಲ! ಬೆಳಗ್ಗೆ ತಿದ್ದಿದೆ. ಇದು ದಿನಾ ಮಾಡೋ ನಿದ್ದೆ ಅಲ್ಲ, ಬೇರೇನೇ ಔಷಧಿ. ಅದನ್ನು ಕೊಡೋಕೆ ಅಂತಲೇ ಒಬ್ಬರು ಡಾಕ್ಟರ್ ಇರ್ತಾರೆ, ಮುಗಿಯೋವರೆಗೂ ಪಕ್ಕದಿಂದ ಏಳಲ್ಲ, ಔಷಧಿ ನಿಲ್ಲಿಸಿದರೆ ಎಚ್ಚರ ಆಗುತ್ತೆ. "ಅವರಿಗೆ ನಿದ್ದೆ ಬಂದ್ರೆ?" ಅಂದಳು. ಅದು ನನಗೆ ಹೊಳೆದಿರಲಿಲ್ಲ. ಈಗ ಹೊಳೆದಿದೆ.

ಆಮೇಲೆ ಗೊಂಬೆಗೆ ಆಪರೇಷನ್ ಮಾಡಿ ತೋರಿಸಿದರೆ ಭಯ ಹೋಗುತ್ತೆ ಅಂದರು. ಸರಿ, ಶುರು ಮಾಡಿದೆವು. ನಾನು ನರ್ಸ್, ಅವಳು ಡಾಕ್ಟರ್. ಗೊಂಬೆಯನ್ನು ಮಲಗಿಸಿ, ನಾಡಿ ನೋಡಿ, ತುಂಬ ಗಂಭೀರವಾಗಿ ಕೇಳಿದಳು:

"ನಿನ್ನ ಮೇಲೆ ಯಾರು ಹಾರಿದ್ದು?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಮೂರು ತಿಂಗಳ ಹಿಂದೆ ಮೊದಲ ಸಲ ನೋವು ಬಂದ ಸಂಜೆ, ಇವಳು ದಿನದಂತೆ ಓಡಿಬಂದು ಹೊಟ್ಟೆ ಮೇಲೆ ಹಾರಿದಳು. ಜೀವ ಹೋದಂತಾಯಿತು. "ನಿನ್ನಿಂದಲೇ ನೋವಾಯ್ತು, ಹೋಗಾಚೆ" ಅಂತ ಕೂಗಿದೆ. ಅರ್ಧ ಗಂಟೆಗೆ ಮರೆತೂ ಬಿಟ್ಟೆ. ಅವತ್ತಿನಿಂದ ಅವಳು ಹಾರಲಿಲ್ಲ. ಮೆಲ್ಲಗೆ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಮಗಳಿಗೆ ಬುದ್ಧಿ ಬಂತು ಅಂತ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ನಿನಗೂ ಫೋನ್‌ನಲ್ಲಿ ಕೊಚ್ಚಿಕೊಂಡಿದ್ದೆ, ನೆನಪಿದೆಯಾ?

ಪಿತ್ತರಸದಲ್ಲಿ ಕೊಲೆಸ್ಟ್ರಾಲ್ ಜಾಸ್ತಿಯಾದರೆ ಹರಳುಗಟ್ಟುತ್ತೆ, ಕಲ್ಲಾಗೋಕೆ ವರ್ಷಗಟ್ಟಲೆ ಬೇಕು, ಯಾರು ಹಾರಿದರೂ ಕಲ್ಲಾಗಲ್ಲ ಅಂತ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಮತ್ತೆ ಯಾಕೆ ನನ್ನಿಂದ ಅಂದೆ?" ಅಂದಳು.

ನೋವಿತ್ತು, ಸಿಟ್ಟು ಬಂತು, ಸುಳ್ಳು ಹೇಳಿದೆ ಅಂದೆ. ಅವಳು ತಲೆಯಾಡಿಸಿ ಗೊಂಬೆಯ ಹೊಟ್ಟೆಗೆ ಪ್ಲಾಸ್ಟರ್ ಹಚ್ಚಿದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತಿದ್ದೆ.

ಇಷ್ಟಕ್ಕೇ ನಿಲ್ಲಿಸಬೇಕು ಅಂತಿದ್ದೆ. ಆದರೆ ಇನ್ನೊಂದಿದೆ. ಮಲಗುವಾಗ "ವಾಪಸ್ ಬರ್ತೀಯಲ್ಲ?" ಅಂದಳು. "ಬರ್ತೀನಿ" ಅಂದೆ, ಅವಳ ಮಾತು ಮುಗಿಯುವ ಮೊದಲೇ. ಬರುತ್ತೇನೆ, ಗೊತ್ತು. ದಿನಾ ಎಷ್ಟೋ ಜನಕ್ಕೆ ಆಗೋ ಆಪರೇಷನ್. ಆದರೂ ಅಷ್ಟು ಬೇಗ ಹೇಳಿದ್ದೇ ತಪ್ಪಾಯಿತೇನೋ ಅನ್ನಿಸುತ್ತಿದೆ. ಒಂದು ಸುಳ್ಳು ಹಿಡಿದುಹಾಕಿದ್ದಾಳಲ್ಲ, ಇದನ್ನೂ ಹಾಗೇ ತೂಗಿ ನೋಡುತ್ತಿರಬಹುದು. ರಾತ್ರಿ ಒಂದು ಗಂಟೆಗೆ ಎದ್ದು ಬ್ಯಾಂಕು, ಇನ್ಶೂರೆನ್ಸ್ ಕಾಗದಗಳನ್ನೆಲ್ಲ ಒಂದೇ ಫೈಲಿಗೆ ಹಾಕಿಟ್ಟೆ. ಮನೆಯಲ್ಲಿ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ. ಫೈಲು ಹಸಿರು ಬಣ್ಣದ್ದು. ಫೋನ್ ಲಾಕ್ ನಂಬರ್ ನಿನಗೆ ಗೊತ್ತೇ ಇದೆ, ನಮ್ಮ ಹಳೇ ರೋಲ್ ನಂಬರ್.

ಅಯ್ಯೋ, ಎಲ್ಲರ ಮುಂದೆ ಹೇಳಿಬಿಟ್ಟೆ. ಈಗಲೇ ಬದಲಾಯಿಸುತ್ತೇನೆ. ಹೊಸದು ಸೈಕಲ್ ಪ್ರಸಂಗದ್ದು. ಇನ್ನು ಜಾಸ್ತಿ ಹೇಳಲ್ಲ.

ಆಪರೇಷನ್ ಆದಮೇಲೆ ಕೆಲವು ವಾರ ಭಾರ ಎತ್ತುವ ಹಾಗಿಲ್ಲ. ಭಾರದ ಪಟ್ಟಿಯಲ್ಲಿ ಪುಟ್ಟಿಯೂ ಬರುತ್ತಾಳೆ. ಅದಕ್ಕೆ ನಿನ್ನನ್ನು ಎತ್ತಲು ನೇಮಕ ಮಾಡಿದ್ದಾಳೆ. ಸಂಬಳದ ಬಗ್ಗೆ ಮಾತಾಡಿಲ್ಲ. ಇನ್ನೊಂದು, ಕಲ್ಲನ್ನು ಮನೆಗೆ ತರಲೇಬೇಕು ಅಂತ ಆರ್ಡರ್ ಆಗಿದೆ. ಡಾಕ್ಟರ್ ಕೊಡ್ತಾರಾ, ಕೇಳಿ ನೋಡಬೇಕು. ಎರಡು ಸಿಕ್ಕರೆ ಒಂದು ನಿನಗೆ.

ಇಂತಿ, ಗುರುವಾರದವರೆಗೆ ಗಾಲ್‌ಬ್ಲಾಡರ್ ಸಮೇತ,
ನಿನ್ನ ಮೊದ್ದು