ರೈಸ್ ಮಿಲ್ ಬಾಯ್ಲರ್‌ಗಳಿಗೆ ಇನ್ನು ಲೋ ಸಿಮೆಂಟ್ ಕ್ಯಾಸ್ಟಬಲ್

ದಾವಣಗೆರೆ

ಮಾನ್ಯ ಗ್ರಾಹಕರೇ,

ಹೊಟ್ಟು ಉರಿಸುವ ಬಾಯ್ಲರ್‌ಗಳ ಒಳಗೋಡೆಗೆ ಇನ್ನು ಮುಂದೆ ನಾವು ಹಳೆಯ ಕ್ಯಾಸ್ಟಬಲ್ (ನೀರಿನಲ್ಲಿ ಕಲಸಿ ಹಾಕುವ, ಬೆಂಕಿ ತಡೆಯುವ ಗಾರೆ) ಕೊಡುವುದಿಲ್ಲ, ಲೋ ಸಿಮೆಂಟ್ ಮಾಲನ್ನೇ ಕೊಡುತ್ತೇವೆ. ಚೀಲದ ಬೆಲೆ ಹೆಚ್ಚು, ಕೆಲಸದ ರೀತಿಯೂ ಬೇರೆ. ಹಾಗಾಗಿ ಕಾರಣ ತಿಳಿಸುತ್ತಿದ್ದೇವೆ.

ಎರಡರಲ್ಲೂ ಬೆಂಕಿ ತಡೆಯುವ ಕಲ್ಲಿನ ಕಾಳುಗಳನ್ನು ಹಿಡಿದಿಡುವುದು ಹೈ ಅಲ್ಯೂಮಿನಾ ಸಿಮೆಂಟೇ, ಅಂದರೆ ಕಾವಿನ ಕೆಲಸಕ್ಕೆಂದೇ ಮಾಡಿದ ಸಿಮೆಂಟ್. ಹಳೆಯದರಲ್ಲಿ ಅದರ ಪಾಲು ಸಾಮಾನ್ಯವಾಗಿ ಶೇ. 15ರಿಂದ 30. ನೀರು ಕುಡಿದು ಗಟ್ಟಿಯಾದ ಸಿಮೆಂಟ್ ಕಾವೇರಿದಂತೆ ಆ ನೀರನ್ನು ಬಿಟ್ಟುಕೊಡುತ್ತದೆ. ಸುಮಾರು 600ರಿಂದ 1,000 ಡಿಗ್ರಿ ನಡುವೆ ಗೋಡೆಯ ಬಲ ತೀರಾ ಇಳಿಯುತ್ತದೆ; ಕಾಳುಗಳು ತಾವೇ ಬೆಸೆದುಕೊಳ್ಳಲು ಇನ್ನೂ ಹೆಚ್ಚು ಕಾವು ಬೇಕು. ಹೊಟ್ಟಿನ ಬೆಂಕಿ ಬಹುಪಾಲು ಈ ನಡುವಿನ ಕಾವಿನಲ್ಲೇ ಇರುತ್ತದೆ. ಸಾಲದ್ದಕ್ಕೆ ಸಿಲಿಕಾ ತುಂಬಿದ ಬೂದಿ ಗೋಡೆಯನ್ನು ಉಜ್ಜುತ್ತದೆ, ಅದರಲ್ಲಿರುವ ಪೊಟ್ಯಾಷ್ ಮೇಲ್ಮೈಯನ್ನು ತಿನ್ನುತ್ತದೆ. ಹೊಟ್ಟು ಬೀಳುವ ಬಾಯಿಯ ಹತ್ತಿರ ಉಗುರಿನಿಂದ ಕೆರೆದರೂ ಗೋಡೆ ಉದುರುವುದನ್ನು ನಿಮ್ಮಲ್ಲಿ ಹಲವರು ಕಂಡಿದ್ದೀರಿ.

ಲೋ ಸಿಮೆಂಟ್‌ನಲ್ಲಿ ಸಿಮೆಂಟ್ ಶೇ. 5ರ ಆಸುಪಾಸು ಮಾತ್ರ. ಸಂದುಗಳನ್ನು ಮೈಕ್ರೋಸಿಲಿಕಾ ಎಂಬ ಅತಿ ನುಣ್ಣನೆಯ ಸಿಲಿಕಾ ಪುಡಿ ತುಂಬುವುದರಿಂದ ನೀರು ಕಡಿಮೆ ಸಾಕು, ರಂಧ್ರಗಳೂ ಕಡಿಮೆ. ಹಾಗಾಗಿ ಆ ನಡುವಿನ ಕಾವಿನಲ್ಲೂ ಗೋಡೆಯ ಬಲ ಅಷ್ಟಾಗಿ ಇಳಿಯುವುದಿಲ್ಲ. 25 ಕೆಜಿ ಚೀಲಕ್ಕೆ ಒಂದೂಕಾಲರಿಂದ ಒಂದೂವರೆ ಲೀಟರ್ ನೀರು, ಅದೂ ಅಳೆದು. ಕಲಸಿದಾಗ ಒಣಮಣ್ಣಿನಂತೆ ಕಾಣುತ್ತದೆ. ವೈಬ್ರೇಟರ್ ತಾಗಿದೊಡನೆ ಹೊಳಪೇರಿ ಹರಿಯುತ್ತದೆ. ಅಷ್ಟರಲ್ಲಿ ಗಾರೆಯವರು ಒಂದು ಚೊಂಬು ನೀರು ಜಾಸ್ತಿ ಸುರಿದರೋ, ನೀವು ಕೊಟ್ಟ ಹೆಚ್ಚಿನ ಹಣ ವ್ಯರ್ಥ.

ಮೊದಲ ಬೆಂಕಿಗೆ ಆತುರ ಬೇಡವೇ ಬೇಡ. 24 ಗಂಟೆ ಹಾಗೇ ಬಿಟ್ಟು, ಆಮೇಲೆ ಗಂಟೆಗೆ 25 ಡಿಗ್ರಿಯಂತೆ ಏರಿಸುತ್ತ, 110ರಲ್ಲೂ 350ರಲ್ಲೂ ತಡೆದು ನಿಲ್ಲಿಸಬೇಕು. ಗೋಡೆ ದಟ್ಟವಾಗಿರುವುದರಿಂದ ಆವಿಗೆ ದಾರಿ ಸಿಗದಿದ್ದರೆ ಸಿಡಿಯುತ್ತದೆ, ಎದುರಿಗಿದ್ದವರಿಗೂ ಅಪಾಯ. ಮಾಲಿನಲ್ಲಿ ಪಾಲಿಪ್ರೊಪಿಲೀನ್ ನಾರು ಬೆರೆಸಿದ್ದೇವೆ. ಅದು 165 ಡಿಗ್ರಿ ಸುಮಾರಿಗೆ ಕರಗಿ ಆವಿಗೆ ಸಣ್ಣ ದಾರಿ ಬಿಡುತ್ತದೆ, ಆದರೆ ಅದನ್ನೇ ನಂಬಿ ಬೆಂಕಿ ಜೋರು ಮಾಡುವಂತಿಲ್ಲ. ಭದ್ರಾ ನಾಲೆಯ ಭತ್ತ ಬರುವ ಹೊತ್ತಿಗೆ ಮಿಲ್ ನಿಂತರೆ ಎಷ್ಟು ಕಷ್ಟವೆಂದು ನಮಗೆ ಗೊತ್ತು. ಅದಕ್ಕೇ ರಿಪೇರಿಯನ್ನು ಹಂಗಾಮಿಗೆ ಮುಂಚೆಯೇ ಇಟ್ಟುಕೊಳ್ಳಿ. ಮೊದಲ ಕಾಯಿಸುವಿಕೆಗೆ ನಮ್ಮ ಮೇಸ್ತ್ರಿ ಬಂದು ನಿಲ್ಲುತ್ತಾರೆ, ಅದಕ್ಕೆ ಬೇರೆ ಹಣವಿಲ್ಲ.

ಮಂಡಕ್ಕಿ ಭಟ್ಟಿಯವರಿಗೆ ಬದಲಾವಣೆ ಇಲ್ಲ. ಕೈಯಲ್ಲೇ ಮೆತ್ತುವ ಕೆಲಸಕ್ಕೆ ಹಳೆಯ ಮಾಲೇ ಸರಿ. ಆದರೆ ಚೀಲ ಸಾಲದಿದ್ದರೂ ಮನೆ ಕಟ್ಟುವ ಸಿಮೆಂಟ್ ಬೆರೆಸಬೇಡಿ: ಅದರ ಸುಣ್ಣ ಬೆಂಕಿಗೆ ಸುಟ್ಟು, ಭಟ್ಟಿ ಆರಿದ ಮೇಲೆ ಗಾಳಿಯ ತೇವ ಹೀರಿ ಉಬ್ಬಿ ಉದುರುತ್ತದೆ.

ಈಗಾಗಲೇ ಮುಂಗಡ ಕೊಟ್ಟಿರುವ ಮಿಲ್‌ನವರಿಗೆ ಹೊಸ ಮಾಲು ಹಳೆಯ ದರದಲ್ಲೇ ಸಿಗುತ್ತದೆ. ಒಡೆಯದ ಹಳೆಯ ಚೀಲಗಳಿದ್ದರೆ ಮರಳಿಸಿ, ಲೆಕ್ಕಕ್ಕೆ ಹಿಡಿಯುತ್ತೇವೆ.

ಇಂತಿ,
ಮಾಲೀಕರು