ಮೆರವಣಿಗೆಗೆ ಮುಂಚಿನ ಹದಿನೈದು ದಿನ

ಪ್ರೀತಿಯ ಗೆಳೆಯಾ,

ಊರಲ್ಲಿ ಸೌಹಾರ್ದ ಸಮಿತಿ ಮಾಡುತ್ತಿದ್ದೇವೆ, ಮೊದಲ ಸಭೆಗೆ ಯಾರನ್ನು ಭಾಷಣಕ್ಕೆ ಕರೆಯಲಿ ಎಂದು ಕೇಳಿದ್ದೀಯ. ಯಾರನ್ನೂ ಕರೆಯಬೇಡ. ಶಿಶುನಾಳ ಶರೀಫರ ಎರಡು ಸಾಲು ಹೇಳಿ, ಗುರುಗಳೆಲ್ಲ ಕೈಕೈ ಹಿಡಿದು ಫೋಟೊ ತೆಗೆಸಿಕೊಂಡು ಹೋಗುವ ಸಭೆಗೆ ಕುರ್ಚಿ ಬಾಡಿಗೆಯೂ ದಂಡ. ಮೊದಲು ಕ್ಯಾಲೆಂಡರ್ ಇಟ್ಟುಕೊಂಡು ಕೂತುಕೋ.

ಮುಸ್ಲಿಮರ ಹಿಜರಿ ವರ್ಷಕ್ಕೆ ಸುಮಾರು 354 ದಿನ. ಹೀಗಾಗಿ ಮೊಹರಂ, ಮಿಲಾದ್, ರಂಜಾನ್ ಪ್ರತಿವರ್ಷ 11 ದಿನದಷ್ಟು ಮೊದಲೇ ಬರುತ್ತವೆ. ಪಂಚಾಂಗದ ಹಬ್ಬಗಳೂ ಹಾಗೇ ಸರಿಯುತ್ತವೆ, ಆದರೆ ಅಧಿಕ ಮಾಸ ಬಂದ ವರ್ಷ ಹೆಚ್ಚುಕಡಿಮೆ ಮೂರು ವಾರ ಮುಂದಕ್ಕೆ ಜಿಗಿಯುತ್ತವೆ. ಅದಕ್ಕೇ ಎರಡು ಹಬ್ಬ ಒಮ್ಮೆ ಜೊತೆಗೂಡಿದರೆ ಎರಡು ಮೂರು ವರ್ಷ ಬಿಟ್ಟುಹೋಗುವುದಿಲ್ಲ. 2023, 2024, 2025 ಮೂರೂ ವರ್ಷ ಈದ್ ಮಿಲಾದ್ ಮತ್ತು ಗಣಪತಿ ಬಿಡುವ ಅನಂತ ಚತುರ್ದಶಿ ಒಂದೇ ದಿನ, ಇಲ್ಲವೇ ಒಂದು ದಿನದ ಆಚೀಚೆ ಬಂದವು. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಮಿಲಾದ್ ಚೌತಿಗಿಂತ ಎರಡು ವಾರಕ್ಕೂ ಮೊದಲೇ ಮುಗಿಯುತ್ತದೆ. ಇವುಗಳ ಜೊತೆಗೆ ನಿಮ್ಮೂರ ಜಾತ್ರೆ, ಉರುಸು, ಕಾಮದಹನ ಬರೆದುಕೋ. ವರ್ಷವಿಡೀ ಕಾವಲು ಕಾಯುವ ಕೆಲಸವಲ್ಲ ಇದು. ಜಗಳ ಹತ್ತುವುದು ಗೊತ್ತಿರುವ ಐದಾರು ದಿನ, ಗೊತ್ತಿರುವ ಎರಡು ಮೂರು ಜಾಗದಲ್ಲಿ.

ಸಮಿತಿಗೆ ಹನ್ನೊಂದು ಹದಿಮೂರು ಜನ ಸಾಕು, ಓಣಿಗೆ ಒಬ್ಬರಂತೆ. ಠಾಣೆಯಲ್ಲಿ ನಡೆಯುವ ಶಾಂತಿ ಸಭೆಯ ದೊಡ್ಡ ಕೊರತೆ ಅಂದರೆ ಅಲ್ಲಿ ಬರೀ ಹಿರಿಯರು ಕೂತಿರುತ್ತಾರೆ. ಜಗಳ ಮಾಡುವವರು, ತಡೆಯಬಲ್ಲವರು ಇಬ್ಬರೂ ಆ ಹೊತ್ತಿಗೆ ಚಹಾದಂಗಡಿ ಕಟ್ಟೆಯ ಮೇಲಿರುತ್ತಾರೆ. ಆದ್ದರಿಂದ ಗಣಪತಿ ಕೂರಿಸುವ ಹುಡುಗರಲ್ಲಿ ಇಬ್ಬರು, ಮಿಲಾದ್ ಬಾವುಟ ಕಟ್ಟುವವರಲ್ಲಿ ಇಬ್ಬರು, ಸ್ತ್ರೀಶಕ್ತಿ ಸಂಘದ ಇಬ್ಬರು, ದಲಿತ ಕೇರಿಯಿಂದ ಇಬ್ಬರು ಇರಲೇಬೇಕು. ಮನೆಯಲ್ಲಿ ಪ್ರಾರ್ಥನೆ ನಡೆಸುವ ಕ್ರೈಸ್ತ ಕುಟುಂಬ ಇದ್ದರೆ ಅವರನ್ನೂ ಕರೆ. ಎರಡೇ ಕುಟುಂಬ ಎಂದು ಬಿಟ್ಟುಬಿಡುತ್ತಾರೆ, ಆಮೇಲೆ ಗಲಾಟೆ ಅವರ ಬಾಗಿಲಿಗೇ ಬರುತ್ತದೆ.

ಇನ್ನು ಮೆರವಣಿಗೆ. ಮಸೀದಿ ಮುಂದೆಯೇ ಯಾಕೆ ನಿಲ್ಲುತ್ತದೆ ಎಂದು ಕೇಳಿದರೆ ಎಲ್ಲರೂ ಬೇಕಂತಲೇ ಎನ್ನುತ್ತಾರೆ. ಎಷ್ಟೋ ಕಡೆ ಬೇಕಂತಲೇ ಹೌದು. ಆದರೆ ಹಲವು ಹಳ್ಳಿಗಳಲ್ಲಿ ಅಲ್ಲೊಂದು ತಿರುವು ಇರುತ್ತದೆ, ಹತ್ತಡಿ ಮೂರ್ತಿ ಹೊತ್ತ ಟ್ರ್ಯಾಕ್ಟರ್ ಟ್ರೇಲರ್ ಒಂದೇ ಏಟಿಗೆ ತಿರುಗುವುದಿಲ್ಲ, ಮೇಲೆ ಕರೆಂಟಿನ ತಂತಿ ಜೋತುಬಿದ್ದಿರುತ್ತದೆ. ಡ್ರೈವರ್ ಹಿಂದೆ ಮುಂದೆ ಮಾಡುವಷ್ಟರಲ್ಲಿ ಡಿಜೆ ಗಾಡಿ ನಿಲ್ಲುತ್ತದೆ, ನಿಂತಲ್ಲೇ ಕುಣಿತ ಶುರು, ಒಳಗೆ ನಮಾಜು. ಯಾರೋ ಒಂದು ಚಪ್ಪಲಿ ಎಸೆದರೆ ಸಾಕು, ಜಗಳ ಶುರು. ಹಾಗಾಗಿ ಮೂರು ದಿನ ಮುಂಚೆ, ಅದೇ ಹೊತ್ತಿನಲ್ಲಿ, ಡ್ರೈವರನ್ನೂ ಲೈನ್‌ಮ್ಯಾನನ್ನೂ ಕರೆದುಕೊಂಡು ದಾರಿ ನಡೆದು ನೋಡಿ. ಪೀಠ ಸೇರಿಸಿ ಮೂರ್ತಿಯ ಎತ್ತರ, ತಂತಿಯ ಎತ್ತರ, ತಿರುವಿನ ಅಗಲ ಟೇಪು ಹಿಡಿದು ಅಳೆಯಿರಿ. ದಾರಿಯಲ್ಲಿ ಜಲ್ಲಿ ರಾಶಿ ಬಿದ್ದಿದ್ದರೆ ಅವತ್ತೇ ತೆಗೆಸಿ. ಕಲ್ಲು ಸಿಗದಿದ್ದರೆ ಅರ್ಧ ಜಗಳ ಬಾಯಲ್ಲೇ ಮುಗಿಯುತ್ತದೆ.

ಹೊತ್ತಿನ ಲೆಕ್ಕವೂ ಬೇಕು. ಮಗ್ರಿಬ್ ನಮಾಜು ಸೂರ್ಯ ಮುಳುಗಿದ ಕೂಡಲೇ, ರಾತ್ರಿಯ ಇಷಾ ನಮಾಜು ಅದಾಗಿ ಒಂದು ಗಂಟೆಗೂ ಹೆಚ್ಚಿನ ಮೇಲೆ. ಜಮಾತಿನ ನಮಾಜಿಗೆ ಹತ್ತು ಹದಿನೈದು ನಿಮಿಷ. ಎರಡರ ನಡುವೆ ಮುಕ್ಕಾಲು ಗಂಟೆ ಬಿಡುವು ಸಿಗುತ್ತದೆ, ಮಸೀದಿ ದಾಟುವುದಿದ್ದರೆ ಆಗ ದಾಟಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮವೇ ಹೇಳುತ್ತದೆ, ಅದು ಮಸೀದಿ, ಗುಡಿ, ಡಿಜೆ ಮೂರಕ್ಕೂ ಒಂದೇ. ಒಂದೇ ಕಡೆಯ ಮೈಕಿನ ಮೇಲೆ ದೂರು ಕೊಟ್ಟ ದಿನ ನಿಮ್ಮ ಸಮಿತಿ ಸತ್ತಂತೆ.

ಮೊಹರಂ ವಿಷಯ ಬೇರೆ. ಅಲ್ಲಿ ಹೊಸದಾಗಿ ಏನೂ ಕಟ್ಟಬೇಕಿಲ್ಲ, ಇರುವುದನ್ನು ಬಿಡದಿದ್ದರೆ ಸಾಕು. ಸವದತ್ತಿ ತಾಲ್ಲೂಕಿನ ಹಿರೇಬಿದನೂರಿನಲ್ಲಿ ಮುಸ್ಲಿಂ ಮನೆಗಳೇ ಇಲ್ಲ, ಆದರೂ ಮೊಹರಂ ನಡೆಯುತ್ತದೆ. ನಿಮ್ಮ ಕಡೆಯೂ ಅಲಾಯಿ ಕುಣಿಗೆ (ಮೊಹರಂ ಬೆಂಕಿಯ ಗುಂಡಿಗೆ) ಗುದ್ದಲಿ ಹಾಕುವ ಮನೆತನ ಒಂದು, ಕಟ್ಟಿಗೆ ಕೊಡುವುದು ಇನ್ನೊಂದು, ಹಲಗಿ ಬಾರಿಸುವವರು, ಹೆಜ್ಜೆ ಹಾಕುವವರು, ಕರ್ಬಲಾ ಕಥೆಯ ರಿವಾಯತ್ ಪದ ಹಾಡುವವರು, ಚೊಂಗೆ ರೊಟ್ಟಿ ಮಾಡಿ ಬೆಲ್ಲದ ಜೊತೆ ತರುವವರು ಇದ್ದೇ ಇರುತ್ತಾರೆ. ಯಾರ ಮನೆಗೆ ಯಾವ ಕೆಲಸ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಮುದುಕರೊಬ್ಬರು ತೀರಿಕೊಂಡು ಅವರ ಪಾಲಿನ ಕೆಲಸಕ್ಕೆ ಮಗ ಬಾರದಿದ್ದರೆ ಅಲ್ಲೇ ದಾರ ಬಿಚ್ಚುತ್ತದೆ. ಆ ಹುಡುಗನಿಗೆ ಒಂದು ಕಡೆಯಿಂದ ‘ಅವರ ದೇವರನ್ನು ನೀನ್ಯಾಕೆ ಹೊರುತ್ತೀ’ ಎನ್ನುವವರಿರುತ್ತಾರೆ. ಇನ್ನೊಂದು ಕಡೆ ‘ಪಂಜಾ (ಹಸ್ತದ ಆಕಾರದ ಮೊಹರಂ ದೇವರು) ಕೂರಿಸುವುದು ನಮ್ಮ ಧರ್ಮದಲ್ಲೇ ಇಲ್ಲ’ ಎನ್ನುವ ಮುಸ್ಲಿಂ ಯುವಕರೂ ಇರುತ್ತಾರೆ. ಸಮಿತಿ ಆ ಚರ್ಚೆಗೆ ಇಳಿಯಬಾರದು. ಯಾರನ್ನೂ ಒತ್ತಾಯಿಸಬೇಡಿ, ಮಾಡುತ್ತೇನೆ ಅನ್ನುವವನನ್ನು ಯಾರೂ ತಡೆಯದಂತೆ ನೋಡಿಕೊಳ್ಳಿ.

ಗಾಳಿಸುದ್ದಿ ಬಂದರೆ ಅರ್ಧ ಗಂಟೆಯೊಳಗೆ ಎರಡೂ ಕಡೆಯ ಒಬ್ಬೊಬ್ಬರು ಒಂದೇ ಬೈಕಿನಲ್ಲಿ ಜಾಗಕ್ಕೆ ಹೋಗಿ, ಅಲ್ಲಿಂದಲೇ ವಾಟ್ಸಾಪ್ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕಬೇಕು. ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಮನೆಯ ಉರ್ದುವಿನಲ್ಲಿ, ನಲವತ್ತು ಸೆಕೆಂಡಿಗೆ ಮೀರದಂತೆ: ಏನಾಗಿದೆ, ಏನಾಗಿಲ್ಲ, ಈಗ ಇಲ್ಲಿ ಯಾರಿದ್ದಾರೆ. ಬರಹಕ್ಕಿಂತ ಪರಿಚಿತ ದನಿಯನ್ನು ಜನ ನಂಬುತ್ತಾರೆ. ಸುಳ್ಳು ವಿಡಿಯೊವನ್ನು ‘ಇದು ಸುಳ್ಳು’ ಎಂದು ಬರೆದೂ ಕಳಿಸಬೇಡಿ, ಆ ಎರಡು ಪದ ದಾರಿಯಲ್ಲಿ ಉದುರಿ ವಿಡಿಯೊ ಒಂದೇ ಮುಂದಕ್ಕೆ ಹೋಗುತ್ತದೆ. ವಿಡಿಯೊ ಮೇಲೆ ಫಾರ್ವರ್ಡ್ ಆದದ್ದೆಂದು ಎರಡು ಬಾಣದ ಗುರುತಿದ್ದರೆ ಅದು ಆಗಲೇ ಹಲವು ಕೈ ದಾಟಿ ಬಂದದ್ದು, ಊರಿನದಲ್ಲದಿರುವ ಸಾಧ್ಯತೆಯೇ ಹೆಚ್ಚು.

ದೂರು ಕೊಡುವುದಿದ್ದರೆ ಸ್ಕ್ರೀನ್‌ಶಾಟ್ ಒಂದೇ ಸಾಲದು. ಕಳಿಸಿದ ನಂಬರು, ಗ್ರೂಪಿನ ಹೆಸರು, ದಿನಾಂಕ, ಹೊತ್ತು ಬರೆದಿಟ್ಟು, ಮೂಲ ಫೈಲು ಇರುವ ಫೋನನ್ನು ಹಾಗೇ ಇಟ್ಟುಕೊಳ್ಳಿ. ಫೋನಿನ ದಾಖಲೆಯನ್ನು ಕೋರ್ಟು ಒಪ್ಪಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಮುಂದೆ ಬೇಕಾಗುತ್ತದೆ. ವೈರ ಬಿತ್ತುವ ಮಾತಿಗೆ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಮು: 3 ವರ್ಷದವರೆಗೆ ಸಜೆ, ಪೂಜಾಸ್ಥಳದಲ್ಲಾದರೆ 5 ವರ್ಷದವರೆಗೆ. ದೂರು ಬಾರದಿದ್ದರೂ ಪೊಲೀಸರೇ ಪ್ರಕರಣ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 28ರಂದು ಎಲ್ಲ ರಾಜ್ಯಗಳಿಗೂ ಹೇಳಿದೆ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ, ರಸೀದಿ ಜೋಪಾನ.

ಒಂದು ಮಾತು ಖಡಕ್ಕಾಗಿ ಹೇಳಬೇಕು. ಏಟು ತಿಂದವನ ಮನೆಗೆ ಹೋಗಿ, ಊರಿನ ಹೆಸರು ಕೆಡುತ್ತದೆ, ಕೇಸು ವಾಪಸ್ ತಗೋ ಎನ್ನುವ ಕೆಲಸಕ್ಕೆ ಸೌಹಾರ್ದ ಸಮಿತಿಯನ್ನು ಬಳಸುವುದು ಮಾಮೂಲಾಗಿದೆ. ‘ಹೊಡೆದಾಟದ ಕೇಸಿನಲ್ಲಿ ಸಮಿತಿ ರಾಜಿ ಮಾಡಿಸುವುದಿಲ್ಲ’ ಎಂದು ಮೊದಲ ಸಭೆಯ ನಡಾವಳಿಯಲ್ಲೇ ಬರೆದು ಎಲ್ಲರ ಸಹಿ ಹಾಕಿಸು. ಸಹಿ ಹಾಕಲು ಹಿಂದೆ ಮುಂದೆ ನೋಡಿದವರನ್ನು ಅವತ್ತೇ ಕೈಬಿಡು.

ದಾರಿಯ ಅಳತೆ ಆದ ಮೇಲೆ ಕಾಗದದ ಮೇಲೆ ಒಂದು ನಕ್ಷೆ ಗೀಚಿ ಕಳಿಸು, ಆ ತಿರುವಿನ ಅಗಲ ಮಾತ್ರ ಸರಿಯಾಗಿ ಬರೆ.

ಇಂತಿ ನಿನ್ನ ಗೆಳೆಯ